ಪಾತ್ರೆ ದಡದಲ್ಲೇ ಉಳಿಯಿತು

೧೯೮೫ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ತರಗತಿಯ ಪರೀಕ್ಷೆಗೆ ಇನ್ನೂ ಸಮಯವಿತ್ತು. ಅಪ್ಪಯ್ಯನ ದೋಣಿಗೆ ಒಂದು ಜನ ಕಮ್ಮಿ ಬಿದ್ದಿತ್ತು, ಹೋದೆ. ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಇದನ್ನು ಮೊದಲೇ ಹೇಳಲು ಕಾರಣ, ಮುಂದೆ ಒಂದು ಪುಸ್ತಕದ ವಿಷಯ ಬರುತ್ತದೆ. ಕಲಿತವರು ಓದುವ ಹಾಗೆ ನಾನು ಅದನ್ನು ಓದಿದ್ದಲ್ಲ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ದೊಡ್ಡ ಶಬ್ದ ಬಂದಲ್ಲಿ ನಿಂತು, ಉಸಿರು ತೆಗೆದು, ಮುಂದೆ ಹೋದದ್ದು.

ದೋಣಿಯಲ್ಲಿ ನಾನು ಹೆಚ್ಚು ವರ್ಷ ಇರಲಿಲ್ಲ. ನನ್ನ ಸ್ವರ ಕೇಳಿದವರು ನನ್ನನ್ನು ದಡಕ್ಕೆ ಇಳಿಸಿದರು. ಮರವಂತೆಯ ನಮ್ಮ ಮನೆಯಿಂದ ಬಂದರು ದೂರವಲ್ಲ. ಬೆಳಿಗ್ಗೆ ಬೋಟುಗಳು ಬಂದು ಮೀನು ರಾಶಿ ಬಿದ್ದ ಕೂಡಲೇ ಸುತ್ತ ವ್ಯಾಪಾರಿಗಳು, ಬುಟ್ಟಿ ಹಿಡಿದ ಹೆಂಗಸರು ಮುತ್ತುತ್ತಾರೆ. ನಡುವೆ ನಿಂತು ಏಲಂ ಕೂಗುವವನು ನಾನು. ದರ ಏರಿಸುತ್ತಾ ಹೋಗುವುದು, ಎಲ್ಲರ ಕಣ್ಣು ನೋಡುವುದು, ಕಡೆಗೆ ಒಂದು ಸಲ, ಎರಡು ಸಲ, ಮೂರು ಸಲ ಎಂದು ಮುಗಿಸುವುದು. ನಾನು ಕೂಗಿದರೆ ಅಳಿವೆಯಲ್ಲಿ ಬರುತ್ತಿರುವ ಬೋಟಿನವನಿಗೂ ದರ ಗೊತ್ತಾಗುತ್ತಿತ್ತು. ಮೈಕು ಬಂದಾಗಲೂ ನಾನು ಹಿಡಿಯಲಿಲ್ಲ. ಹೆಮ್ಮೆ ಅಂದರೆ ಹೆಮ್ಮೆಯೇ. ಮನೆ ಕಟ್ಟಿದ್ದು, ಮಗಳ ಮದುವೆ ಮಾಡಿದ್ದು, ಎಲ್ಲ ಈ ಗಂಟಲಿನಿಂದ.

ನಮ್ಮ ಕೆಲಸದಲ್ಲಿ ಒಂದು ನಂಬಿಕೆ ಉಂಟು. ಬೇಸಿಗೆ ಮುಗಿಯುವ ಹೊತ್ತಿಗೆ ಏಲಂ ಕೂಗುವ ಎಲ್ಲರ ಕಂಠವೂ ಒಡೆದಿರುತ್ತದೆ. ಒಡೆಯದಿದ್ದರೆ ಅವನು ಸರಿಯಾಗಿ ಕೂಗಿಲ್ಲ ಎಂದೇ ಲೆಕ್ಕ. ಮಳೆಗಾಲದ ಎರಡು ತಿಂಗಳು ಬೋಟು ದಡದ ಮೇಲೆ, ಬಂದರು ಬಂದ್. ಆಗ ಕಾಳುಮೆಣಸಿನ ಕಷಾಯ ಕುಡಿದು ಬಾಯಿ ಮುಚ್ಚಿ ಕೂತರೆ ಆಸಾಡಿ ತಿಂಗಳು ಮುಗಿಯುವುದರೊಳಗೆ ಸ್ವರ ತಾನೇ ಮರಳಿ ಬರುತ್ತದೆ. ನನಗೆ ಪ್ರತಿ ವರ್ಷ ಬಂದಿತ್ತು. ಹಾಗಾಗಿ ಆ ವರ್ಷ ಶಿವರಾತ್ರಿಯ ಹೊತ್ತಿಗೇ ಕಂಠ ಒಡೆದಾಗ ನಾನು ಹೆದರಲಿಲ್ಲ. ಈ ಸಲ ಬೇಗ ಒಡೆಯಿತು, ಚೆನ್ನಾಗಿ ಕೂಗಿದ್ದೇನೆ ಎಂದುಕೊಂಡೆ. ಮಳೆ ಬಂತು, ಬೋಟು ಮೇಲೇರಿತು, ಕಷಾಯ ಕುಡಿದೆ. ಮಳೆ ನಿಂತಿತು, ಬೋಟು ಇಳಿಯಿತು. ಸ್ವರ ಬರಲಿಲ್ಲ. ಒದ್ದೆ ಗೋಣಿ ಎಳೆದ ಹಾಗಿದ್ದ ಸ್ವರದಲ್ಲೇ ಮತ್ತೆ ಕೂಗಲು ನಿಂತೆ.

ಅಕ್ಕು ಎಂಬವಳು ನಮ್ಮ ಬಂದರಿನ ಹಳೆಯ ಗಿರಾಕಿ. ಬುಟ್ಟಿ ಹೊತ್ತು ಊರೂರು ಮೀನು ಮಾರುವವಳು, ನಾಲಿಗೆ ಕತ್ತಿಯ ಹಾಗೆ. ಅವಳು ಒಂದು ಬೆಳಿಗ್ಗೆ ಎಲ್ಲರ ಎದುರು ಹೇಳಿದಳು: "ಮಂಜಣ್ಣ, ಬೋಟ್ ಇಳ್ದ್ ತಿಂಗ್ಳಾಯ್ತ್. ನಿಮ್ ಸ್ವರ ಇನ್ನೂ ಮಳಿಗಾಲ್ದಗೇ ಇತ್ತಲೆ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ನಗದವಳು ಗಿರಿಜ, ನನ್ನ ಹೆಂಡತಿ. ಅವಳು ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಗಂಟಲು ನೋಯುತ್ತದೆಂದು ನಾನು ಅವಳನ್ನು ಹೆಸರು ಹಿಡಿದು ಕರೆಯುವುದನ್ನು ನಿಲ್ಲಿಸಿ ಚಿಟಿಕೆ ಹೊಡೆಯಲು ಶುರು ಮಾಡಿದ್ದೆ. ಒಂದು ಸಂಜೆ ಅವಳು ಒಳಗಿನಿಂದ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಚಿಟ್ಕಿ ಹೊಡ್ದ್ ಕರೂಕೆ ನಾನ್ ನಾಯಿ ಅಲ್ಲ. ನಾಳಿಗ್ ಆಸ್ಪತ್ರಿಗ್ ಹೋಪ."

"ನಾಳಿಗ್ ಬೋಟ್ ಇತ್ತ್."

"ಬೋಟ್ ನಾಡ್ದೂ ಇರತ್ತ್."

ದೊಡ್ಡಾಸ್ಪತ್ರೆಯಲ್ಲಿ ಮೂಗಿನೊಳಗೆ ನಳಿಗೆ ಬಿಟ್ಟು ನೋಡಿದರು. ಪರೀಕ್ಷೆಗೆಂದು ಗಂಟಲಿನ ಒಂದು ಚೂರು ತೆಗೆದರು. ರಿಪೋರ್ಟ್ ಬರುವ ದಿನ ನಮ್ಮನ್ನು ಕೂರಿಸಿದ ಬೆಂಚು ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಎಲ್ಲರ ಮಡಿಲಲ್ಲೂ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಫೈಲು. ಯಾರೂ ಇನ್ನೊಬ್ಬರ ಮುಖ ನೋಡುವುದಿಲ್ಲ, ಫೈಲಿನ ದಪ್ಪ ನೋಡುತ್ತಾರೆ. ನಮ್ಮದು ತೆಳ್ಳಗಿತ್ತು. ಅದೇ ಒಂದು ಧೈರ್ಯ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಅವರು ಮಾತಾಡಿದ್ದು ಗಿರಿಜಳ ಹತ್ತಿರ. "ನಿಮ್ಮ ಯಜಮಾನರಿಗೆ ಗಂಟಲಲ್ಲಿ ಒಂದು ಗಡ್ಡೆ ಇದೆ" ಅಂದರು. ನಾನು ಪಕ್ಕದಲ್ಲೇ ಕೂತಿದ್ದೆ. ಗಿರಿಜ ಕೇಳಿದಳು: "ಅಂದ್ರೆ, ಅದೇಯಾ?"

"ಹೌದಮ್ಮ, ಅದೇ."

ಅಂದಿನಿಂದ ಇಂದಿನವರೆಗೆ ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲ. ಅದು 'ಅದೇ'. ಬೀಡಿ ಸೇದುತ್ತಿದ್ದಿರಾ ಎಂದು ಎಲ್ಲರೂ ಕೇಳಿದರು. ಸೇದುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಕೇಳಿದವರಲ್ಲಿ ಅರ್ಧ ಜನ ಉತ್ತರ ಸಿಕ್ಕಿದ ಕೂಡಲೇ ನಿರಾಳವಾದದ್ದನ್ನು ನಾನು ನೋಡಿದ್ದೇನೆ. ಅವರು ಸೇದುವುದಿಲ್ಲವಲ್ಲ.

ಮೊದಲು ಕರೆಂಟ್, ಅಂದರೆ ರೇಡಿಯೇಶನ್, ಕೊಡೋಣ, ಸ್ವರ ಉಳಿಯಬಹುದು ಎಂದರು. ವಾರದಲ್ಲಿ ಐದು ದಿನ ಬೆಳಿಗ್ಗೆ ಬಸ್ಸು ಹಿಡಿದು, ಸಾಸ್ತಾನದ ಟೋಲಿನಲ್ಲಿ ನಿಂತು ಹೊರಟು, ಆಸ್ಪತ್ರೆಯ ನೆಲಮಾಳಿಗೆಗೆ ಇಳಿಯುವುದು. ಮುಖದ ಅಚ್ಚಿಗೆ ಸರಿಯಾಗಿ ಬಲೆಯಂಥ ಒಂದು ಮುಖವಾಡ ಮಾಡಿದ್ದರು. ಅದನ್ನು ಹಾಕಿ ಮಂಚಕ್ಕೆ ಬಿಗಿದು ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಇಷ್ಟು ವರ್ಷ ಬಲೆಗೆ ಬಿದ್ದದ್ದನ್ನು ಮಾರಿದವನು ನಾನು. ಒಳಗಿನಿಂದ ಬಲೆ ಹೇಗೆ ಕಾಣುತ್ತದೆ ಎಂದು ಆಗ ಗೊತ್ತಾಯಿತು.

ಪುಸ್ತಕ ಬಂದದ್ದು ಆಗ. ಬಸ್ಸಿನಲ್ಲಿ, ಬೆಂಚಿನಲ್ಲಿ ಸುಮ್ಮನೆ ಕೂತರೆ ನಾನು ಹುಚ್ಚನಾಗುತ್ತೇನೆಂದು ಗಿರಿಜ ಪಂಚಾಯಿತಿ ಲೈಬ್ರರಿಯಿಂದ ತಂದಳು.

"ಎಂತ ಪುಸ್ತಕ ಇದ್?"

"ಗೊತ್ತಿಲ್ಲೆ. ಕವರಿನ್ ಮೇಲೆ ದೋಣಿ ಚಿತ್ರ ಇತ್ತ್. ನಿಮ್ಗೆ ಆತ್ತ್ ಅಂದೇಳಿ ತಂದೆ."

ನಾನು ಮೀನುಗಾರಿಕೆಯ ಪುಸ್ತಕ ಎಂದುಕೊಂಡೆ. ಅಲ್ಲ. ಅಮೇರಿಕದಲ್ಲಿ ಮನುಷ್ಯರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ಕಾಲದ ಒಬ್ಬ ಕಪ್ಪು ಮನುಷ್ಯನ ಜೀವನಚರಿತ್ರೆ. ಅಲ್ಲೊಂದು ದೊಡ್ಡ ಹೊಳೆ. ಈಚೆ ದಡದಲ್ಲಿ ಗುಲಾಮಗಿರಿ, ಆಚೆ ದಡದಲ್ಲಿ ಇಲ್ಲ. ತಾನೂ ಗುಲಾಮನಾಗಿದ್ದ ಅವನು ಕತ್ತಲೆಯಲ್ಲಿ ದೋಣಿ ತಂದು ಜನರನ್ನು ಆಚೆ ದಾಟಿಸುತ್ತಿದ್ದ. ಅವನ ಹೆಸರು ನನ್ನ ಬಾಯಿಗೆ ಹಿಡಿಯಲಿಲ್ಲ. ನಮ್ಮ ಮನೆಯಲ್ಲಿ ಅವನು 'ದೋಣಿಯವ' ಆದ. ಸದ್ದಾಗಬಾರದೆಂದು ಅವನು ದೋಣಿಯ ಹುಟ್ಟಿಗೆ ಹರಕು ಬಟ್ಟೆ ಸುತ್ತುತ್ತಿದ್ದ ಎಂದು ಓದಿದ ಕೂಡಲೇ ಇವನು ಸುಳ್ಳು ಮನುಷ್ಯನಲ್ಲ ಎಂದು ನನಗೆ ನಂಬಿಕೆ ಬಂತು.

ಆ ಬೆಂಚಿನಲ್ಲೇ ವಾಸಣ್ಣ ಸಿಕ್ಕಿದ್ದು. ಬ್ರಹ್ಮಾವರದಲ್ಲಿ ಟೈಲರ್. ಅವರ ಸ್ವರಪೆಟ್ಟಿಗೆ ತೆಗೆದು ಕೆಲವು ವರ್ಷ ಆಗಿತ್ತು, ತಪಾಸಣೆಗೆ ಬರುತ್ತಿದ್ದರು. ಕುತ್ತಿಗೆಗೆ ಒಂದು ಚೆಂದದ ಚೌಕುಳಿ ಬಟ್ಟೆ, ಅಂಗಿಗೆ ಮ್ಯಾಚಿಂಗ್. ಕೈಯಲ್ಲಿ ಟಾರ್ಚಿನಂಥ ಒಂದು ಮೆಷಿನು. ಅದನ್ನು ಗಂಟಲಿಗೆ ಒತ್ತಿ ಮಾತಾಡಿದರೆ ರೇಡಿಯೋದಲ್ಲಿ ಎರಡು ಸ್ಟೇಷನ್ನುಗಳ ನಡುವೆ ಬರುವ ಸದ್ದು. ನಾನು ಅವರಿಂದ ದೂರ ಕೂರುತ್ತಿದ್ದೆ. ಅದು ಅಂಟುವ ಕಾಯಿಲೆಯಲ್ಲ ಎಂದು ಗೊತ್ತಿತ್ತು. ಆದರೂ ದೂರ ಕೂರುತ್ತಿದ್ದೆ.

ಅವರೇ ಒಂದು ದಿನ ಹತ್ತಿರ ಬಂದು ಮೆಷಿನು ಒತ್ತಿದರು: "ಎಂತ ಓದ್ತ್ರಿ?"

ಪುಸ್ತಕ ತೋರಿಸಿದೆ. ಅವರು ಹಾಳೆ ಮಗುಚಿ ನೋಡಿ, "ದಪ್ಪ ಇತ್ತ್. ನಿಮ್ಮ್ ಕರೆಂಟ್ ಮುಗಿಯುದ್ರೊಳ್ಗೆ ಮುಗಿತಿಲ್ಲೆ" ಅಂದರು. ಅದು ಸರಿಯಾಯಿತು. ಆದರೆ ಅವರು ತಿಳಿದ ಕಾರಣದಿಂದಲ್ಲ.

ಪುಸ್ತಕದ ನಡುವೆ ಒಂದು ಏಲಂ ಬಂತು. ಮನುಷ್ಯರ ಏಲಂ. ಮಾರುವ ಮುಂಚೆ ಅವರ ಮೈಗೆ ಎಣ್ಣೆ ಹಚ್ಚಿ ಹೊಳೆಯುವಂತೆ ಮಾಡುತ್ತಿದ್ದರಂತೆ. ಬಾಯಿ ತೆರೆಸಿ ಹಲ್ಲು ತೋರಿಸುತ್ತಿದ್ದರಂತೆ. ಒಬ್ಬ ಎತ್ತರದಲ್ಲಿ ನಿಂತು ದರ ಕೂಗುತ್ತಿದ್ದ. ನಾನು ಓದುತ್ತಾ ಹೋದ ಹಾಗೆ ಅವನ ಕೂಗು ನನಗೆ ಕೇಳಿಸಿತು, ಏಕೆಂದರೆ ಅವನ ಪಟ್ಟು ಎಲ್ಲವೂ ನನಗೆ ಗೊತ್ತು. ಒಳ್ಳೆಯದನ್ನು ಮೇಲೆ ಇಡುವುದು, ನೀರು ಚಿಮುಕಿಸಿ ಹೊಳಪು ಬರಿಸುವುದು, ಕಿವಿರು ಎತ್ತಿ ಕೆಂಪು ತೋರಿಸುವುದು. ನಾನು ಮಾರಿದ್ದು ಮೀನು, ಇದು ಬೇರೆ, ಎಂದು ನನಗೆ ನಾನೇ ಹೇಳಿಕೊಂಡೆ. ಬೇರೆಯೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ಹಾಳೆಯಲ್ಲಿ ಬಸ್ಸಿನ ಟಿಕೆಟ್ ಇಟ್ಟು ಮುಚ್ಚಿದವನು ಮತ್ತೆ ತೆರೆಯಲಿಲ್ಲ.

ಕರೆಂಟ್ ಮುಗಿಯಿತು. ಕುತ್ತಿಗೆಯ ಚರ್ಮ ಸುಟ್ಟು ಕಪ್ಪಾಯಿತು, ಗಂಜಿ ಬಿಟ್ಟರೆ ಏನೂ ಇಳಿಯುತ್ತಿರಲಿಲ್ಲ, ತೂಕ ಇಳಿಯಿತು. ಆದರೆ ಸ್ವರ ಬಂತು. ಹಳೆಯದಲ್ಲ, ಅದರ ತಮ್ಮನಂಥ ಒಂದು ಸ್ವರ. ಅದನ್ನೇ ಹಿಡಿದುಕೊಂಡು ಬಂದರಿಗೆ ಹೋದೆ. ಒಂದು ಮಳೆಗಾಲ ಕಳೆಯಿತು. ಮುಂದಿನ ಬೇಸಿಗೆಯಲ್ಲಿ ಮೆಟ್ಟಿಲು ಹತ್ತುವಾಗ ಉಸಿರಿನಲ್ಲಿ ಸಿಳ್ಳೆಯಂಥ ಸದ್ದು ಶುರುವಾಯಿತು.

ಮತ್ತೆ ಅದೇ ಬೆಂಚು. ಈಗ ನಮ್ಮ ಫೈಲು ದಪ್ಪ. ನನ್ನನ್ನು ಒಳಗೆ ಕರೆದ ಮೇಲೆ ಡಾಕ್ಟರಿಕೆ ಕಲಿಯುವ ಮಕ್ಕಳಿಬ್ಬರು ಬಂದರು. ನಾಲಿಗೆಗೆ ಬಟ್ಟೆ ಸುತ್ತಿ ಹೊರಗೆಳೆದು, ಲೈಟು ಬಿಟ್ಟು, ಒಬ್ಬರಾದ ಮೇಲೆ ಒಬ್ಬರು ನನ್ನ ಗಂಟಲೊಳಗೆ ನೋಡಿದರು. ಅವರವರೇ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಕೆಟ್ಟ ಮಕ್ಕಳಲ್ಲ, ಕಲಿಯಬೇಕಲ್ಲ. ಆದರೆ ಬಾಯಿ ತೆರೆದು ಕೂತ ನನಗೆ ಟಿಕೆಟ್ ಇಟ್ಟು ಮುಚ್ಚಿದ ಆ ಹಾಳೆ ನೆನಪಾಯಿತು. ಆ ಹಾಳೆಯಲ್ಲಿ ಮೇಲೆ ನಿಂತು ಕೂಗುವವನ ಮಾತಿತ್ತು. ಕೆಳಗೆ ಬಾಯಿ ತೆರೆದು ನಿಂತವನಿಗೆ ಏನನ್ನಿಸಿತು ಎಂಬುದಿರಲಿಲ್ಲ.

ಡಾಕ್ಟರಮ್ಮ ಹೇಳಿದರು: "ಅಲ್ಲೇ ಮತ್ತೆ ಬಂದಿದೆ. ಇನ್ನು ಕರೆಂಟ್ ಕೊಡುವ ಹಾಗಿಲ್ಲ. ಸ್ವರಪೆಟ್ಟಿಗೆ ಪೂರ್ತಿ ತೆಗೆಯಬೇಕು. ಕುತ್ತಿಗೆಯಲ್ಲಿ ಒಂದು ರಂಧ್ರ ಮಾಡುತ್ತೇವೆ, ಉಸಿರಾಟ ಅದರಲ್ಲಿ."

"ತೆಗೆಯದಿದ್ದರೆ?" ಎಂದೆ.

ಈ ಸಲ ಅವರು ಗಿರಿಜಳನ್ನು ನೋಡಲಿಲ್ಲ. ನನ್ನನ್ನೇ ನೋಡಿದರು. ಉತ್ತರ ಬಾಯಿಂದ ಬರುವ ಮೊದಲೇ ತಿಳಿಯಿತು.

ಬೇಡ ಎಂದು ಹೇಳಿ ಎದ್ದು ಬಂದೆ. ಸ್ವರವಿಲ್ಲದ ಏಲಂದವನೆಂದರೆ ಬಲೆಯಿಲ್ಲದ ಬೋಟು. ಹೀಗೆಯೇ ಎಷ್ಟು ದಿನವೋ ಅಷ್ಟು ದಿನ ಎಂದುಕೊಂಡೆ. ಮಾರನೇ ಬೆಳಿಗ್ಗೆ ಬಂದರಿಗೆ ಹೋದೆ. ಬಂಗುಡೆ ರಾಶಿ ಬಿದ್ದಿತ್ತು. ಬೇರೆಯವರು ಕೂಗಲು ಬಂದರೆ ಕೈ ಅಡ್ಡ ಹಿಡಿದು ನಾನೇ ನಿಂತೆ. ಮೊದಲ ದರ ಹೋಯಿತು. ಎರಡನೆಯದಕ್ಕೆ ಬರೀ ಗಾಳಿ ಬಂತು. ಮತ್ತೆ ಬಾಯಿ ತೆರೆದೆ. ಗಾಳಿ. ಸುತ್ತ ಅಷ್ಟು ಜನ, ಯಾರೂ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಗ ಅಕ್ಕು ಬುಟ್ಟಿ ಕೆಳಗಿಟ್ಟಳು. "ಹ್ವಾಯ್, ಎಲ್ಲ ಎಂತ ಬಾಯಿ ಕಾಣ್ತ್ರಿ? ಮಂಜಣ್ಣ ಹೇಳ್ದ್ ದರ ನಂಗ್ ಕೇಂಡಿತ್" ಎಂದು ತಾನೇ ಗಟ್ಟಿಯಾಗಿ ದರ ಕೂಗಿದಳು. ಏಲಂ ಮುಂದೆ ಹೋಯಿತು. ನನ್ನನ್ನು ಉಳಿಸಲು ಮಾಡಿದ್ದು ಎಂದು ಈಗ ಗೊತ್ತು. ಅಂದು ಅವಳ ಬುಟ್ಟಿ ಒದೆಯುವಷ್ಟು ಸಿಟ್ಟು ಬಂದಿತ್ತು. ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ಶಂಕರನಾರಾಯಣದ ದೇವಸ್ಥಾನದಿಂದ ಮಗಳು ಪ್ರಸಾದ ಹಿಡಿದುಕೊಂಡು ಬಂದಳು. "ಅಪ್ಪಯ್ಯ, ಆಪರೇಶನ್ ಮಾಡ್ಸ್ಕಣಿ" ಎಂದು ಅತ್ತಳು. ನಾನು ಗೋಡೆಯ ಕಡೆ ತಿರುಗಿದೆ. ಅವಳು ಹೋದ ಸಂಜೆ ಗಿರಿಜ ನೆಲದ ಮೇಲೆ ಕೂತು ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಗೇರುಬೀಜದ ಎಣ್ಣೆ ಅವಳ ಬೆರಳು ಸುಟ್ಟಿರುತ್ತದೆ, ದಿನಾ ಹೀಗೆ. ಆಪರೇಶನ್ನಿನ ಮಾತು ಎತ್ತಲಿಲ್ಲ.

"ಲೈಬ್ರರಿಯವ ಪುಸ್ತಕ ಕೇಣ್ತಾ ಇದ್ದ. ನೀವ್ ಓದುದಿಲ್ದಿರೆ ಕೊಡಿ, ವಾಪಾಸ್ ಕೊಡ್ತೆ."

"ಓದ್ತೆ."

"ಹಾಂಗಾರೆ ಗಟ್ಟಿ ಓದಿ. ತಂದವ್ಳ್ ನಾನ್. ಅದ್ರಗ್ ಎಂತ ಇತ್ತ್ ಅಂದೇಳಿ ನಂಗೇ ಗೊತ್ತಿಲ್ಲೆ."

ಟಿಕೆಟ್ ಇಟ್ಟ ಹಾಳೆ ತೆರೆದೆ. ಏಲಂನ ಪುಟ ಗಟ್ಟಿಯಾಗಿ ಓದಿದೆ. ಗಟ್ಟಿ ಅಂದರೆ ಆ ಕೋಣೆಗೆ ಕೇಳುವಷ್ಟು. ಗಿರಿಜ ಎಣ್ಣೆ ಹಚ್ಚುವುದನ್ನು ನಿಲ್ಲಿಸಿದಳು. ಅಂದಿನಿಂದ ಪ್ರತಿ ಸಂಜೆ ಒಂದೆರಡು ಹಾಳೆ. ಇಷ್ಟು ವರ್ಷ ಸಾವಿರ ಜನಕ್ಕೆ ಕೂಗಿದ ಸ್ವರ, ಕಡೆಗೆ ಒಬ್ಬಳಿಗಾಗಿ ಖರ್ಚಾಯಿತು. ಉಸಿರು ಕಟ್ಟಿದಾಗ ನಿಲ್ಲಿಸುತ್ತಿದ್ದೆ. ಅವಳು ಕಾಯುತ್ತಿದ್ದಳು.

ಹೀಗೆ ಓದುವಾಗ ಪಾತ್ರೆಯ ಕಥೆ ಬಂತು. ಒಂದು ರಾತ್ರಿ ದಾಟಲು ಬಂದವರಲ್ಲಿ ಒಬ್ಬಳು ಹೆಂಗಸು ಸೊಂಟಕ್ಕೆ ಕಬ್ಬಿಣದ ಪಾತ್ರೆ ಕಟ್ಟಿಕೊಂಡು ಬಂದಿದ್ದಳು. ದೋಣಿಯವ ಹೇಳಿದ: ಇದು ದೋಣಿಯ ಅಂಚಿಗೆ ಒಂದು ಸಲ ತಾಗಿದರೆ ಸದ್ದು ನೀರಿನ ಮೇಲೆ ಹೋಗುತ್ತದೆ, ಎಲ್ಲರೂ ಸಿಕ್ಕಿಬೀಳುತ್ತಾರೆ. ಅವಳು ಹೇಳಿದಳು: ಈ ಲೋಕದಲ್ಲಿ ನನ್ನದು ಅಂತ ಇರುವುದು ಇದೊಂದೇ, ನನ್ನ ಮೈಯೂ ನನ್ನದಲ್ಲ. ಅವನು ಬೈಯಲಿಲ್ಲ, ಎಳೆದುಕೊಳ್ಳಲಿಲ್ಲ. ದೋಣಿ ತಡೆದು ಹಿಡಿದು ಸುಮ್ಮನೆ ನಿಂತ. ಬೆಳಕಾಗುವುದರೊಳಗೆ ದಾಟಬೇಕು. ಕಡೆಗೆ ಅವಳು ಗಂಟು ಬಿಚ್ಚಿ, ಪಾತ್ರೆಯನ್ನು ಹುಲ್ಲಿನ ಮೇಲೆ ಇಟ್ಟು, ಹತ್ತಿದಳು.

ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

"ಮತ್ತೆ ಪಾತ್ರೆ ಎಂತ ಆಯ್ತ್?" ಗಿರಿಜ ಕೇಳಿದಳು.

"ಬರೀಲಿಲ್ಲೆ."

"ಆಚಿ ದಡ್ದಗ್ ಅವ್ಳಿಗೆ ಬೇರೆ ಪಾತ್ರೆ ಸಿಕ್ತಾ?"

"ಅದೂ ಬರೀಲಿಲ್ಲೆ."

"ಬರ್ದವ್ರ್ ಗಂಡ್ಸೇ ಆಯಿಕ್. ಹೆಂಗ್ಸ್ ಆದ್ರೆ ಪಾತ್ರೆ ಎಂತ ಆಯ್ತ್ ಅಂದೇಳಿ ಬರೀದೆ ಬಿಡ್ತಿದ್ಲಾ?"

ನನಗೆ ನಗು ಬಂತು. ಜೊತೆಗೆ ಸಿಟ್ಟೂ ಬಂತು. ದಾಟಿಸಿದವನ ಕಥೆ ಅಷ್ಟು ಬರೆದವರಿಗೆ ಬಿಟ್ಟು ಬಂದವಳದು ನಾಲ್ಕು ಸಾಲು ಬರೆಯಲು ಆಗಲಿಲ್ಲವೇ ಎಂದು. ಪುಸ್ತಕ ಮುಚ್ಚಿದೆ. ಗಿರಿಜ ನನ್ನ ಮುಖ ನೋಡಲಿಲ್ಲ, ತನ್ನ ಬೆರಳು ನೋಡುತ್ತಾ ಹೇಳಿದಳು:

"ಏಲಂ ನಿಮ್ಮ್ ಪಾತ್ರೆ. ನಂಗೊತ್ತಿತ್ತ್. ಅದ್ ಇಲ್ದಿರೆ ನೀವ್ ಹ್ಯಾಂಗ್ ಇರ್ತ್ರಿ ಅಂದೇಳಿ ನಂಗೂ ಹೆದ್ರಿಕೆ ಇತ್ತ್. ಆರೆ ಅದನ್ ಹಿಡ್ಕಂಡ್ ಈ ದಡ್ದಗೇ ಕೂತ್ರೆ, ನಾನ್ ಯಾರ್ ಸಂಗಡ ದಾಟುದ್?"

ಬೆಳಿಗ್ಗೆ ವಾಸಣ್ಣನಿಗೆ ಫೋನು ಮಾಡಿದೆ. ಅವರ ಮೆಷಿನಿನ ಸದ್ದು ಫೋನಿನಲ್ಲಿ ಇನ್ನೂ ವಿಚಿತ್ರ. "ಹೆದ್ರಬೇಡಿ ಅಂದೇಳಿ ಹೇಳೂದಿಲ್ಲೆ. ಹೆದ್ರಿಕೆ ಆತ್ತ್. ಉಸ್ರ್ ಇಪ್ದ್ ಮೊದ್ಲ್. ಮಾತ್ ಮತ್ತೆ ಹೊಲ್ಕಂಬುಕೆ ಆತ್ತ್" ಅಂದರು. ಟೈಲರಲ್ಲವೇ, ಉಸಿರಿದ್ದರೆ ಮಾತನ್ನು ಆಮೇಲೆ ಹೊಲಿದುಕೊಳ್ಳಬಹುದಂತೆ.

ಆಪರೇಶನ್ನಿನ ಹಿಂದಿನ ಸಂಜೆ ವಾರ್ಡಿನಲ್ಲೂ ಓದಿದೆ. ಕಡೆಯ ಅಧ್ಯಾಯ ಉಳಿಯಿತು. ಮಗಳು ಮೊಬೈಲಿನಲ್ಲಿ ನನ್ನ ಸ್ವರ ಹಿಡಿದಿಡುತ್ತೇನೆ ಅಂದಳು, ಬೇಡ ಎಂದೆ. ನನ್ನ ಹಳೆಯ ಸ್ವರ ಬಂದರಿನಲ್ಲಿ ಕೇಳಿದವರಿಗೆ ಗೊತ್ತು, ಈ ಸೋತದ್ದನ್ನು ಯಾಕೆ ಹಿಡಿಯುವುದು. ಬೆಳಿಗ್ಗೆ ಗಾಲಿಮಂಚ ತಳ್ಳುವಾಗ ಗಿರಿಜಳನ್ನು ಹೆಸರು ಹಿಡಿದು ಕರೆದೆ. ಚಿಟಿಕೆಯಲ್ಲ. "ಎಂತ?" ಅಂದಳು. ಹೇಳಲು ಏನೂ ಇರಲಿಲ್ಲ. ಕರೆಯಬೇಕಿತ್ತು, ಕರೆದೆ.

ಎಚ್ಚರವಾದಾಗ ಬಾಯಿ ತೆರೆದೆ, ಏನೂ ಬರಲಿಲ್ಲ. ಗೊತ್ತಿದ್ದೂ ತೆರೆದೆ. ಮುಂದೆ ಎಷ್ಟೋ ದಿನ ಹಾಗೆಯೇ ತೆರೆಯುತ್ತಿದ್ದೆ. ಗಿರಿಜ ಪಕ್ಕದ ಸ್ಟೂಲಿನಲ್ಲಿ ಕೂತು ಕಡೆಯ ಅಧ್ಯಾಯ ಓದಿದಳು. ಅವಳ ಓದು ನನ್ನದಕ್ಕಿಂತ ನಿಧಾನ. ದೋಣಿಯವ ಮುದುಕನಾಗಿದ್ದಾನೆ. ಗುಲಾಮಗಿರಿ ಮುಗಿದಿದೆ. ಹೊಳೆಯ ದಡದಲ್ಲಿ ಕೂತು, ದಾಟಿದವರಲ್ಲಿ ಯಾರಾದರೂ ಬಂದು ಆಚೆ ಹೇಗಿತ್ತು ಎಂದು ಹೇಳುತ್ತಾರೋ ಎಂದು ಕಾಯುತ್ತಾನೆ. ಯಾರೂ ಬರುವುದಿಲ್ಲ.

ನಾನು ಇದನ್ನು ಬರೆಯಲು ಕೂತದ್ದು ಅದಕ್ಕೆ. ಆ ಬೆಂಚಿನಲ್ಲಿ ಫೈಲು ಹಿಡಿದು ಕೂತವರಿಗೆ ಆಚೆ ಹೇಗಿದೆ ಎಂದು ದಾಟಿದವನು ಬಂದು ಹೇಳಬೇಕು.

ಚೆನ್ನಾಗಿಲ್ಲ. ಉಸಿರು ಮೂಗಿನಲ್ಲಿ ಹೋಗದ ಕಾರಣ ವಾಸನೆ ತಿಳಿಯುವುದಿಲ್ಲ. ಬಂದರಿನಲ್ಲಿ ಹುಟ್ಟಿ ಬೆಳೆದವನಿಗೆ ಮೀನಿನ ವಾಸನೆಯಿಲ್ಲ. ಸಮುದ್ರಕ್ಕೆ ಮೊಣಕಾಲಿಗಿಂತ ಮೇಲೆ ಇಳಿಯುವ ಹಾಗಿಲ್ಲ, ತೂತಿಗೆ ನೀರು ಹೋದರೆ ಮುಗಿಯಿತು. ಕೆಮ್ಮಿದರೆ ಜನ ಕಣ್ಣು ತಿರುಗಿಸುತ್ತಾರೆ. ಸಿಟ್ಟು ಬಂದರೆ ಬೈಯಲಾಗುವುದಿಲ್ಲ, ಒಂದು ದಿನ ಬಟ್ಟಲು ಎಸೆದೆ. ಗಿರಿಜ ಎತ್ತಿಟ್ಟು, "ಇದ್ ಪಾತ್ರಿಯೇ. ಎಂತ ಆಯ್ತ್ ಅಂದೇಳಿ ಬರ್ದಿಡಿ, ಅಂಚ್ ನೆಗ್ಗಿತ್" ಅಂದಳು. ಮೂರು ತಿಂಗಳಿಗೊಮ್ಮೆ ತಪಾಸಣೆ. ಅದೇ ಮತ್ತೆ ಬರುತ್ತದೋ ಎಂಬ ಹೆದರಿಕೆ ಹೋಗಿಲ್ಲ. ಹೋಗುತ್ತದೆ ಎಂದು ನಾನು ನಿಮಗೆ ಹೇಳಲಾರೆ.

ಮಧ್ಯಾಹ್ನ ಕಾರ್ಖಾನೆಯಿಂದ ಗಿರಿಜ ಫೋನು ಮಾಡುತ್ತಾಳೆ. "ಉಂಡ್ರ್ಯಾ?" ಫೋನಿನ ಮೇಲೆ ಬೆರಳಿಂದ ಒಂದು ಸಲ ತಟ್ಟಿದರೆ ಹೌದು. ಎರಡು ಸಲ ತಟ್ಟಿದರೆ ಇಲ್ಲೆ. ಎರಡು ತಟ್ಟಿದ ದಿನ ಸಂಜೆ ಬೈಗುಳ.

ಬಂದರಿಗೆ ಹೋಗುತ್ತೇನೆ. ಕೂಗುವವನು ಬೇರೆ. ನಾನು ಪಕ್ಕದಲ್ಲಿ ನಿಂತು ಗಿರಾಕಿಗಳ ಕಣ್ಣು ನೋಡುತ್ತೇನೆ. ಅವನು ಎರಡು ಸಲ ಎಂದ ಮೇಲೆ ಮೂರನೆಯದು ನನ್ನ ಚಪ್ಪಾಳೆ. ಅದು ಬೀಳದೆ ಮೀನು ಎತ್ತುವ ಹಾಗಿಲ್ಲ. ಇದನ್ನು ಶುರು ಮಾಡಿದ್ದು ಅಕ್ಕು. ಮೊದಲ ದಿನ ರಾಶಿಯ ಎದುರು ಬುಟ್ಟಿಯಿಟ್ಟು, "ಮಂಜಣ್ಣ ಕೈ ತಟ್ಟದೆ ನಾನ್ ಎತ್ತುದಿಲ್ಲೆ" ಎಂದು ಕೂತಳು. ಮತ್ತೆ ನನ್ನ ಕಡೆ ತಿರುಗಿ, "ಮೂಗ್ ಹೋಯ್ತಂಬ್ರಲೆ. ಇನ್ ಹಳ್ಸಿದ್ ಮೀನ್ ಮಾರೂದಾರೆ ನಿಮ್ಗೇ ಮಾರ್ಕ್" ಅಂದಳು. ಎಲ್ಲರೂ ನಕ್ಕರು. ನನ್ನ ನಗುವಿಗೆ ಸದ್ದಿಲ್ಲ.

ಈಗ ನನ್ನಲ್ಲಿ ಇರುವುದು ಇಷ್ಟು. ಕುತ್ತಿಗೆಯಲ್ಲಿ ಒಂದು ತೂತು. ಅದರ ಮೇಲೆ ಕಟ್ಟಲು ವಾಸಣ್ಣ ಹೊಲಿದು ಕೊಟ್ಟ ಏಳು ಬಟ್ಟೆ, ಅದರಲ್ಲಿ ಒಂದು ಚೌಕುಳಿ. ವಾಸಣ್ಣನದರಂಥ, ಇನ್ನೂ ಸರಿಯಾಗಿ ಹಿಡಿಯಲು ಬಾರದ ಒಂದು ಮೆಷಿನು. ಒಂದು ಚಪ್ಪಾಳೆ. ಒಬ್ಬ ಹೆಂಡತಿ, ಒಬ್ಬ ಮಗಳು. ಅಂಚು ನೆಗ್ಗಿದ ಒಂದು ಬಟ್ಟಲು. ಲೈಬ್ರರಿಗೆ ಹಿಂತಿರುಗಿಸದ ಒಂದು ಪುಸ್ತಕ. ಉಸಿರು ಇದೆ. ಪಾತ್ರೆ ಇಲ್ಲ.